ಗೆರಿ ಸುಡೋ ದಿನ

ಸಾಲಿ ಫಾರ್ಮಿನ್ಯಾಗ ತಂದಿ ಉದ್ಯೋಗ ಅನ್ನೋ ಕಡೆ
ಮಾಳವ್ವ ಬರದಾಳ: ಬೆಂಕಿ ಹಚ್ಚೋದು.
ಮಾಸ್ತರ ಕೆಂಪು ಪೆನ್ನಿಲೆ ಗೀಟು ಹೊಡದು
ಆರಿಸೋದು ಅಂತ ತಿದ್ದ್ಯಾನ.
ಯಾವ್ದು ಖರೇ, ಅಪ್ಪಾ?
ನಾ ಬೂಟಿನ ಲೇಸು ಬಿಚ್ಚಕೋತ ಕುಂತೆ.

ಸಂಕ್ರಾಂತಿ ಆಗಿ ಮೂರನೇ ದಿನ, ಡೋಣಿ ಮ್ಯಾಲಿನ ಗುಡ್ಡ.
ಇಬ್ಬನಿ ಆರಿದ ಮ್ಯಾಲ, ಬಿಸಿಲು ಬಲಿಯೂದರೊಳಗ
ಸಿಗೋದು ಎರಡ ತಾಸು.
ಬಾದಿಹುಲ್ಲು ಎದಿಮಟ, ಹಸಿರು ಹೋಗಿ ಹಳದಿ, ಹಳದಿ ಹೋಗಿ
ಮುದುಕನ ಮೀಸಿ ಬಣ್ಣ.
ಒಂದ ಎಸಳು ಲಟ್ ಅಂತ ಮುರದು ಬಾಯಾಗ ಇಟಗೊಂಡು
ಯಮನೂರಸಾಬ ಅಂದ: ಇವತ್ತ ಉಣ್ಣತೈತಿ,
ಹೋಳಿಗೆ ನುಂಗತೈತಿ.

ಮೊದಲ ನೋಡೋದು ನೆತ್ತಿ ಮ್ಯಾಲಿನ ಫ್ಯಾನು.
ಕಂಪನಿಯವರು ಕರೆಂಟಿಗೆ ನಿಲ್ಲಿಸ್ಯಾರ,
ನಮಗ ಅವು ಗಾಳಿಯ ಮಾರಿ.
ಮೂಡಲಕ್ಕ ಮುಖ ಮಾಡಿ ಸಾವಕಾಶ ತಿರಗತಿದ್ರ ಹಚ್ಚು.
ತೆಂಕಲಕ್ಕ ಹೊಳ್ಳಿದ್ರ
ಕೈಯಾಗಿನ ಪಂಜು ಮಣ್ಣಾಗ ಚುಚ್ಚು, ಮಾತು ಬ್ಯಾಡ.

ಶಿವಲೀಲಾ ಮೇಡಂ ಫೋನಿನ್ಯಾಗ ಗೆರಿ ತೋರಿಸಿದರು,
ಹತ್ತ ಮೀಟರ ಅಗಲ, ನೂಲು ಹಿಡದಂಗ ನೆಟ್ಟಗ.
ಗುಡ್ಡ ನೆಟ್ಟಗಿಲ್ಲಲ್ರೀ, ಈ ಹಳ್ಳ ಬಿಟ್ಟು ಮ್ಯಾಲ ಹಾಯಿಸೂಣು, ಅಂದೆ.
ಬೆಂಕಿ ಎಲ್ಲಿ ಕಾಲಿಡತೈತಿ ನಿನಗ ಹೆಂಗ ಗೊತ್ತೋ ಮಾರಾಯಾ, ಅಂತ ನಕ್ಕರು.
ನಾ ಏನೂ ಅನಲಿಲ್ಲ.

ಎರಡೂ ಅಂಚು ಕೆತ್ತಿ, ಬರೀ ಮಣ್ಣು ಕಾಣೂತನ ಕೆತ್ತಿ,
ಗಾಳಿಗೆ ಎದುರ ಹಚ್ಚಿದಿವಿ.
ಹಿಂದಕ್ಕ ನಡಿಯೋ ಬೆಂಕಿ ಸಣ್ಣದು, ಮೊಣಕಾಲಿಗಿಂತ ತಗ್ಗು,
ಕುರಿಹಿಂಡಿನಂಗ ತಲಿ ಬಗ್ಗಿಸಿ ಮೇಯತೈತಿ.
ಅಂಚು ದಾಟಾಕ ನೋಡಿದರ ಹಸಿ ತೊಪ್ಪಲಲೆ ಬಡದು ತಿರಗಸೋದು,
ಹರ್ರ್ ಅನ್ನೂದೊಂದ ಬಾಕಿ.
ಹೊಗಿಯಾಗಿಂದ ಮಿಡತಿ ಹಾರಿದ್ವು, ಮಿಡತಿ ಹಿಂದ ಕಾಜಾಣ.
ಅಂಗಿಗೆ ಹತ್ತಿದ ಬಾದಿ ವಾಸನಿ
ಮೂರ ಒಗತಕ್ಕೂ ಹೋಗೂದಿಲ್ಲ.

ಹನ್ನೊಂದು ವರ್ಷದವನಿದ್ದೆ.
ಅಪ್ಪನ ಕುರಿ ನಲವತ್ತು, ಮಾರ್ಚಿ ತಿಂಗಳ, ಹುಲ್ಲು ಒರಟು.
ಸುಟ್ಟರ ಅಡ್ಡಮಳಿಗೆ ಎಳಿ ಚಿಗುರು ಬರತೈತಿ ಅಂತ ಎಲ್ಲಾರೂ ಅಂತಿದ್ರು,
ನಾ ಹಚ್ಚಿದೆ ಅಂತ ಯಾರೂ ಅಂತಿದ್ದಿಲ್ಲ.
ಒಂದ ಕಡ್ಡಿ.
ನಿಂತು ನೋಡಿದೆ. ಚಂದ ಇತ್ತು, ಸುಳ್ಳ ಯಾಕ ಹೇಳ್ಲಿ.
ಆಮ್ಯಾಲ ಗಾಳಿ ಹೊಳ್ಳಿತು.
ನಾಲ್ಕ ದಿನ ಉರೀತು ಗುಡ್ಡ. ಡಂಬಳದ ಮಂದಿ ಮಾಳಿಗಿ ಏರಿ
ಮಾಲಿ ಹಾಕಿದಂಗ ಕಾಣತೈತಿ ಅಂದರಂತ.
ಆರಿದ ಮ್ಯಾಲ ಒಬ್ಬನ ಹೋಗಿದ್ದೆ. ಈ ಹಳ್ಳದಾಗ ಒಂದ ಮೊಲ
ಕುಂತಲ್ಲೇ ಕುಂತಿತ್ತು.
ಮುಟ್ಟಿದೆ, ಕಿವಿ ಉದುರಿತು.

ಹತ್ತೂವರಿಗೆ ಯಮನೂರಸಾಬ ಕೂಗಿದ: ಹೊಳ್ಳಿತೋ!
ಫ್ಯಾನು ಒಂದೊಂದ ಕತ್ತು ತಿರುವಾಕ ಹತ್ತಿದ್ದವು.
ನಲವತ್ತು ಮೀಟರ ಉಳಿದಿತ್ತು, ಉಳೀಲಿ.
ಬೆನ್ನಿಗಿದ್ದ ಕ್ಯಾನಿನ ನೀರು ಖಾಲಿ ಮಾಡಿ
ಸುಟ್ಟ ಗೆರಿಗುಂಟ ನಡದೆ, ಮುಂಗೈ ಹಿಂಭಾಗ ಬೂದಿಗೆ ತಾಗಿಸಿಕೋತ,
ಕೂಸಿನ ಹಣಿ ಮುಟ್ಟಿ ಜ್ವರ ನೋಡಿದಂಗ.
ಒಣ ಸಗಣಿ ಬಾಳ ಕಪಟಿ,
ಮ್ಯಾಲ ತಣ್ಣಗಿದ್ದು ಎರಡ ದಿನ ಒಳಗ ಕೆಂಡ ಇಟಗೊಂತೈತಿ.
ಒದ್ದು ಒಡದು ನೋಡಬೇಕು.

ಗೆರಿ ಮ್ಯಾಲ ಹಾಯಿಸಿ ಚಲೋ ಮಾಡಿದಿ, ಅಂದರು ಮೇಡಂ.
ಅವರಿಗೆ ಗೊತ್ತಿರಬಹುದು.
ಯಮನೂರಸಾಬಗಂತೂ ಗೊತ್ತೈತಿ, ಆವಾಗ ತೊಪ್ಪಲ ಹಿಡದು
ನಾಲ್ಕೂ ದಿನ ಬಡದವ ಅವನ;
ಇವತ್ತಿಗೂ ನನಗ ಬೀಡಿ ಕೊಡತಾನ, ಕಡ್ಡಿ ತಾನ ಕೊರಿತಾನ.

ಫಾರ್ಮು ಸೋಮವಾರ ಕೊಡಬೇಕಂತ.
ಮಾಳವ್ವ ಎದುರಿಗೆ ಕುಂತಾಳ, ಮಾಸ್ತರನ ಕೆಂಪು ಗೀಟು ತಿಕ್ಕಿ ತಿಕ್ಕಿ
ಕಾಗದ ಅಲ್ಲಿ ತೆಳ್ಳಗಾಗೇತಿ.
ಹೇಳೋ, ಏನ ಬರೀಲಿ?
ಸದ್ಯಕ್ಕ ಪೆನ್ಸಿಲಿಲೆ ಬರಿ, ಅಂದೆ.